ಹುಡುಗಂದು ಕಾಯಂ ಏನ್ರಿ?

ಕಳೆದ ಭಾನುವಾರ ಖಾನಾಪುರಕ್ಕೆ ಹೋಗಿ, ಒಬ್ಬ ಒಳ್ಳೆಯ ಹುಡುಗನ ಮದುವೆಯನ್ನು ಒಂದೇ ಮಾತಿನಲ್ಲಿ ಕೆಡಿಸಿ ಬಂದೆ. ಬೈದು ಅಲ್ಲ, ಹೊಗಳಿ!

ಹುಡುಗನ ಹೆಸರು ಈರಣ್ಣ. ಬೆಳಗಾವಿಯ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾನೆ. ಮಹಾಂತೇಶ ನಗರದಲ್ಲಿ ತಾಯಿಯೊಡನೆ ಇದ್ದಾನೆ. ವಯಸ್ಸು ಮೂವತ್ತೇಳು ದಾಟಿದೆ. ಹುದ್ದೆ ಅತಿಥಿ ಉಪನ್ಯಾಸಕ. (ಅತಿಥಿ ಎಂದ ಕೂಡಲೇ ಮಣೆ ಹಾಕಿ ಕೂರಿಸುತ್ತಾರೆ ಅಂದುಕೊಳ್ಳಬೇಡಿ. ಮುಂದಿನ ವರ್ಷ ಬರಬೇಕೋ ಬೇಡವೋ ಎಂದು ಪ್ರತಿ ಬೇಸಿಗೆಯಲ್ಲೂ ಕಾಯಿಸುತ್ತಾರೆ.)

ಅವನಿಗೂ ಐವತ್ತು ದಾಟಿದ ನನಗೂ ಎಲ್ಲಿಯ ಸ್ನೇಹ? ಎಲ್ಲ ಫ್ಯಾಂಟಸಿ ಫುಟ್‌ಬಾಲ್ ಮಹಿಮೆ. ಅದೂ ಅಮೆರಿಕದ ಫುಟ್‌ಬಾಲ್, ಹೆಲ್ಮೆಟ್ ಹಾಕಿಕೊಂಡು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವುದು. ಲಾಕ್‌ಡೌನಿನಲ್ಲಿ ಹೊತ್ತು ಹೋಗದೆ ಅಂಟಿಕೊಂಡ ಚಟ. ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ಆ ಚೆಂಡನ್ನು ಕೈಯಲ್ಲಿ ಹಿಡಿದವರು ಒಬ್ಬರೂ ಇಲ್ಲ. ಅಲ್ಲಿನ ನಿಜವಾದ ಆಟಗಾರರನ್ನು ಇಲ್ಲಿ ಫೋನಿನಲ್ಲಿ ಹಂಚಿಕೊಂಡು ತಂಡ ಕಟ್ಟುತ್ತೇವೆ. ಅವರು ಅಲ್ಲಿ ಚೆನ್ನಾಗಿ ಆಡಿದರೆ ನಮಗೆ ಇಲ್ಲಿ ಪಾಯಿಂಟು. ದುಡ್ಡಿನ ಮಾತಿಲ್ಲ, ಬರೀ ಜಂಬ. "ನಿಮಗ ಬ್ಯಾರೆ ಉದ್ಯೋಗಿಲ್ಲೇನ್ರಿ?" ಎಂದು ನನ್ನ ಹೆಂಡತಿ ಕೇಳುತ್ತಲೇ ಇರುತ್ತಾಳೆ.

ನಮ್ಮದು ಡೈನಾಸ್ಟಿ ಪದ್ಧತಿ. ಅಂದರೆ ಸೀಸನ್ ಮುಗಿದರೂ ಆಟಗಾರ ನಿಮ್ಮವನೇ. ಬೇಡವಾದರೆ ಇನ್ನೊಬ್ಬರಿಗೆ ಕೊಟ್ಟು ಬದಲಿ ತೆಗೆದುಕೊಳ್ಳಬಹುದು, ಅದೇ ಟ್ರೇಡ್. ಹಾಗಾಗಿ ಇವತ್ತಿನ ಆಟವೊಂದನ್ನೇ ನೋಡಿದರೆ ಕೆಟ್ಟಿರಿ. ಅಲ್ಲಿನ ಕ್ಲಬ್ಬಿನ ಜೊತೆ ಅವನ ಕಾಂಟ್ರ್ಯಾಕ್ಟ್ ಇನ್ನೆಷ್ಟು ವರ್ಷ ಇದೆ? ನಾಲ್ಕು ವರ್ಷದ ಭದ್ರ ಕಾಂಟ್ರ್ಯಾಕ್ಟ್ ಇದ್ದರೆ, ನಡುವೆ ಸೊರಗಿದರೂ ಅವನನ್ನು ಆಡಿಸುತ್ತಾರೆ. ಒಂದೇ ವರ್ಷದ್ದಾದರೆ? ಎಷ್ಟೇ ಚೆನ್ನಾಗಿ ಆಡಲಿ, ಮುಂದಿನ ವರ್ಷ ಬೆಂಚೋ ಬೀದಿಯೋ ಯಾರಿಗೆ ಗೊತ್ತು? ಅಂಥವನಿಗೆ ಟ್ರೇಡಿನಲ್ಲಿ ಬೆಲೆ ಇಲ್ಲ.

ಈ ಶಾಸ್ತ್ರದಲ್ಲಿ ನಮ್ಮ ಗುಂಪಿನ ಪಂಡಿತ ಈರಣ್ಣನೇ.

ನನ್ನ ತಂಡದಲ್ಲೊಬ್ಬ ಆಟಗಾರನಿದ್ದ. ಚೆಂಡು ಬಗಲಲ್ಲಿಟ್ಟುಕೊಂಡು ಓಡುವುದು ಅವನ ಕೆಲಸ. ಚೆನ್ನಾಗಿಯೇ ಓಡುತ್ತಿದ್ದ. ಅವನನ್ನು ಈರಣ್ಣನಿಗೆ ದಾಟಿಸಲು ಹೋದ ತಿಂಗಳು ನೋಡಿದೆ. ಈರಣ್ಣ ನಕ್ಕುಬಿಟ್ಟ.

"ಅಣ್ಣಾರ, ಅಂವಾ ಓಡೂದು ನೋಡಬ್ಯಾಡ್ರಿ, ಕಾಂಟ್ರ್ಯಾಕ್ಟ್ ನೋಡ್ರಿ. ಇಷ್ಟ ವರ್ಷ ಆತು, ಬರೇ ಒಂದೊಂದ ವರ್ಷದ್ದ ಕೊಡಾಕತ್ತಾರ. ಅವನ ಕ್ಲಬ್ಬಿನವರ ಅವನ್ನ ನಂಬಿಲ್ಲಂದ್ರ, ನಾ ಯಾಕ ನಂಬಲಿ?"

ಸರಿಯಾದ ಮಾತು. ಆ ಆಟಗಾರ ನನ್ನ ಹತ್ತಿರವೇ ಉಳಿದ.

ಇನ್ನು ಭಾನುವಾರದ ಕಥೆ. ಖಾನಾಪುರದಲ್ಲಿ ಕನ್ಯಾ ನೋಡುವುದಿತ್ತು. ತಂದೆಯಿಲ್ಲದ ಹುಡುಗ, ಹಿರಿಯರು ಅಂತ ಒಬ್ಬರು ಬೇಕಲ್ಲ? ಈರಣ್ಣನ ತಾಯಿ ಸದಾಶಿವನಗರದ ನಮ್ಮ ಮನೆಗೇ ಬಂದು ಕರೆದರು. ಮೂವರೂ ನನ್ನ ಕಾರಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಈರಣ್ಣ ಕನ್ನಡಿಯಲ್ಲಿ ಕ್ರಾಪು ನೋಡಿಕೊಂಡ.

ಹುಡುಗಿಯ ತಂದೆ ಚನಬಸಪ್ಪನವರು, ನಿವೃತ್ತ ಪೋಸ್ಟ್‌ಮಾಸ್ಟರ್. "ಬರ್ರಿ ಬರ್ರಿ, ಕುಂದರ್ರಿ. ಊಟಾ ಮಾಡಕೊಂಡ ಹೋಗಬೇಕ ಮತ್ತ" ಎಂದರು. ಒಳಗಿನಿಂದ ಹೋಳಿಗೆಯ ವಾಸನೆ ಬರುತ್ತಿತ್ತು. ಬಾಜು ಮನೆಯವರು ಬಾಗಿಲಲ್ಲಿ ಇಣುಕಿದರೆ ಅವರೊಡನೆ ಮರಾಠಿಯಲ್ಲಿ ಎರಡು ಮಾತು, ತಿರುಗಿ ನಮ್ಮೊಡನೆ ಕನ್ನಡ. ಖುಷಿಯಲ್ಲಿದ್ದರು.

ಹುಡುಗಿ ಚಹಾ ತಂದಳು. ಹೆಸರು ಸುಜಾತಾ. ಪಾಠ ಕೇಳದೆ ಮಲಗುವ ಹುಡುಗರನ್ನು ಏನು ಮಾಡುತ್ತೀರಿ ಎಂದು ಈರಣ್ಣನನ್ನೇ ಕೇಳಿದಳು. "ಮಕ್ಕೊಳ್ಳಿ ಅಂತ ಬಿಡತೀನ್ರಿ, ಯುದ್ಧ ಬಂದಾಗ ಎಬ್ಬಸ್ತೀನಿ" ಎಂದ. ಅವಳು ನಕ್ಕಳು. ಅವನ ಮುಖ ನೋಡಬೇಕಿತ್ತು! (ಅವಳೂ ಖಾಸಗಿ ಶಾಲೆಯ ಟೀಚರು. ಅವಳ ಕೆಲಸ ಕಾಯಮೋ ಅಲ್ಲವೋ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ.)

ಅವಳು ಒಳಗೆ ಹೋದ ಮೇಲೆ ಚನಬಸಪ್ಪನವರು ನನ್ನ ಕಡೆ ಬಾಗಿದರು. "ಹುಡುಗಂದು ಕಾಯಂ ಏನ್ರಿ?"

ಈರಣ್ಣ ಬಾಯಿ ತೆರೆಯುವ ಮೊದಲೇ ನಾನು ನುಗ್ಗಿದೆ. ಹಿರಿಯನಲ್ಲವೇ! "ಕಾಯಂ ಇದ್ದಂಗ ರೀ. ಹನ್ನೆರಡು ವರ್ಷ ಆತು, ಅದ ಕಾಲೇಜು. ಒಂದ ವರ್ಷನೂ ಬಿಟ್ಟಿಲ್ಲ. ವರ್ಷಾ ವರ್ಷಾ ಇವನ್ನ ಕರೀತಾರ."

ಚನಬಸಪ್ಪನವರು ಕಪ್ಪನ್ನು ಕೆಳಗಿಟ್ಟರು.

"ಹನ್ನೆರಡು ವರ್ಷ ಆದ್ರೂ ಅವರ ಕಾಯಂ ಮಾಡಿಲ್ಲಂದ್ರ, ಇನ್ನ ಯಾವಾಗ ಮಾಡತಾರ್ರಿ?"

ಅವರು ಕೆಟ್ಟವರಲ್ಲ. ಹಿರಿಯ ಅಳಿಯನದೂ ಹೀಗೇ ವರ್ಷದ ನೌಕರಿಯಾಗಿತ್ತಂತೆ. ಅದು ಹೋಯಿತು. ಹಿರಿಯ ಮಗಳು ಕೂಸನ್ನು ಕಟ್ಟಿಕೊಂಡು ತವರಿಗೆ ಬಂದಿದ್ದಾಳೆ. ಹೋಳಿಗೆ ಬೇಯಿಸುತ್ತಿದ್ದವಳು ಅವಳೇ. "ತಪ್ಪ ತಿಳೀಬ್ಯಾಡ್ರಿ" ಎಂದರು, ಕೈ ಮುಗಿಯುತ್ತ.

"ಇಲ್ರಿ, ನಿಮ್ಮ ಜಾಗಾದಾಗ ನಾ ಇದ್ರೂ ಇದನ್ನ ಕೇಳತಿದ್ದೆ" ಎಂದ ಈರಣ್ಣ. ಸೌಜನ್ಯಕ್ಕೆ ಹೇಳಿದ್ದಲ್ಲ, ಅವನು ಖರೇನೇ ಹೇಳಿದ್ದ.

ಆಮೇಲೆ ಊಟದ ಮಾತನ್ನು ಯಾರೂ ಎತ್ತಲಿಲ್ಲ. ಅವಲಕ್ಕಿ ಬಂತು. ತಿಂದು ಎದ್ದೆವು. ಹೋಳಿಗೆ ವಾಸನೆ ಗೇಟಿನವರೆಗೂ ಬಂತು.

ಬೆಳಗಾವಿಯ ದಾರಿಯಲ್ಲಿ ದೇಸೂರ ಬಂತು. ಹಿಂದಿನ ಸೀಟಿನಲ್ಲಿ ತಾಯಿ ಕಣ್ಣು ಮುಚ್ಚಿಕೊಂಡು ಕೂತಿದ್ದರು, ನಿದ್ದೆ ಮಾಡುತ್ತಿರಲಿಲ್ಲ. ಈರಣ್ಣ ಫೋನ್ ತೆಗೆದ.

"ಅಣ್ಣಾರ, ಆ ಓಡಾಂವ ಇನ್ನೂ ನಿಮ್ಮ ಹಂತ್ಯಾಕ ಅದಾನಲ್ರಿ? ನನಗ ಕೊಡ್ರಿ. ನೀವು ಕೇಳಿದ ಆಟಗಾರನ್ನ ಬದಲಿ ಕೊಡತೀನಿ."

"ಹುಚ್ಚೇನೋ? ಅವನ ಕಾಂಟ್ರ್ಯಾಕ್ಟ್ ಈ ವರ್ಷ ಮುಗೀತೈತಿ. ನೀನ ಹೇಳಿದಿ."

"ಗೊತ್ತೈತ್ರಿ" ಎಂದ. "ಯಾರರ ಒಬ್ರು ತಗೋಬೇಕಲ್ರಿ."

ಕೊಟ್ಟೆ. ಸಂಜೆ ಗುಂಪಿನಲ್ಲಿ ಎಲ್ಲರೂ ನಕ್ಕರು, ಪಂಡಿತ ಮುಗ್ಗರಿಸಿದ ಎಂದು.

ಮರುದಿನ ಚನಬಸಪ್ಪನವರ ಫೋನ್. "ಹುಡುಗ ಭಾಳ ಚಲೋ ಅದಾನ್ರಿ. ಸುಜಾತಾಗೂ ಮನಸಿತ್ತು. ಕಾಯಂ ಆದಕೂಡ್ಲೆ ನಮಗ ಮೊದಲ ಹೇಳ್ರಿ." ಹ್ಞೂಂ ಎಂದೆ. ಅವಳೂ ಕಾಯಬೇಕು, ಅವನೂ ಕಾಯಬೇಕು. ಕಾಯಿಸುವವರನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ.

ಸಿಟ್ಟು ಬಂತು. ಚನಬಸಪ್ಪನವರ ಮೇಲೆ, ಕಾಲೇಜಿನ ಮೇಲೆ, ನನ್ನ ಉದ್ದ ನಾಲಗೆಯ ಮೇಲೆ. ಆದರೆ ಅಡುಗೆಮನೆಯಲ್ಲಿ ನನ್ನ ಮಗಳು ಅವಳಮ್ಮನೊಡನೆ ಏನೋ ಹೇಳಿ ನಗುತ್ತಿದ್ದಳು. ಅವಳಿಗೂ ಈ ವರ್ಷ ವರ ನೋಡಬೇಕು. ಈರಣ್ಣನಂಥವನೇ ಬಂದು ನಮ್ಮ ಸೋಫಾದ ಮೇಲೆ ಕೂತರೆ, ನಾನು ಮೊದಲು ಏನು ಕೇಳುತ್ತೇನೆ ಎಂಬುದು ನನಗೆ ಗೊತ್ತಿದೆ.

ನೀವು ಏನು ಕೇಳುತ್ತೀರಿ?