ಯಾರ ವರದಿ ಬೇಕು?

ಹುಣಸೂರಿನ ಹೊಗೆಸೊಪ್ಪು ಬೆಳೆಗಾರರ ಸಂಘವೊಂದರಲ್ಲಿ ಮಂಗಳಮ್ಮನಿಗೆ ಕೆಲಸ ಸಿಕ್ಕಿದ್ದು ಗಂಡ ತೀರಿಕೊಂಡ ಮೇಲೆ. ಅವರು ಅದೇ ಸಂಘದ ಸೂಪರ್‌ವೈಸರ್ ಆಗಿದ್ದವರು. ಬೈಕಿನಲ್ಲಿ ಹಳ್ಳಿ ಹಳ್ಳಿ ಸುತ್ತಿ, ಬೆಳೆ ನೋಡಿ, ಸಂಜೆ ಕಚೇರಿಗೆ ಬಂದು ವರದಿ ಬರೆದಿಟ್ಟು ಮನೆಗೆ ಬರುತ್ತಿದ್ದರು. ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕುಳಿತರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಬಂದವರೆಲ್ಲ ಅತ್ತರು. ಮಂಗಳಮ್ಮನಿಗೆ ಅಳು ಬರಲಿಲ್ಲ. ಆಮೇಲೂ ಬರಲಿಲ್ಲ. ಬೆಳಿಗ್ಗೆ ಎದ್ದು ದೇವರಿಗೆ ದೀಪ ಹಚ್ಚುತ್ತಾಳೆ, ಕಾಲೇಜಿಗೆ ಹೋಗುವ ಮಗಳು ಪುಟ್ಟಿಗೆ ಡಬ್ಬಿ ಕಟ್ಟುತ್ತಾಳೆ, ಬಸ್ಸು ಹತ್ತುತ್ತಾಳೆ. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಎನ್ನುವುದನ್ನು ಉಂಡವರೇ ಹೇಳಬೇಕು.

ಸಂಘದ ಹಳೆಯ ಕಾಗದಗಳನ್ನೆಲ್ಲ ಕಾರ್ಯದರ್ಶಿ ಸುನೀಲ್‌ಕುಮಾರ್ ಸ್ಕ್ಯಾನ್ ಮಾಡಿಸಿ ಕಂಪ್ಯೂಟರಿಗೆ ಹಾಕಿಸಿದ್ದರು. ಅವುಗಳಲ್ಲಿ ಬೇಕಾದ್ದನ್ನು ಹುಡುಕಿಕೊಡಲು ಒಂದು ಎಐ ಸಹಾಯಕವೂ ಬಂದಿತ್ತು. ಮೈಕಿನ ಗುರುತು ಒತ್ತಿ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ. ಕೂತಿದ್ದು ಕೇಳಿಸಿಕೊಳ್ಳುವ ಕೆಲಸ ಮಂಗಳಮ್ಮನಿಗೆ ಒಗ್ಗಿತು. "ಅದು ಹೇಳಿದ್ದನ್ನೇ ರೈತರಿಗೆ ಹೇಳಿಬಿಡಬೇಡಿ ಮಂಗಳಮ್ಮ, ಮೂಲ ಕಾಗದ ತೆಗೆದು ನೋಡಿ ಹೇಳಿ," ಎಂದು ಸುನೀಲ್‌ಕುಮಾರ್ ಒಂದೇ ಕಟ್ಟಪ್ಪಣೆ ಮಾಡಿದ್ದರು.

ಏಪ್ರಿಲ್ ಕೊನೆಯಲ್ಲಿ ಬಿಡದೆ ಮಳೆ ಹೊಯ್ದು ನಿಂತಿತ್ತು. ಒಂದು ಮಧ್ಯಾಹ್ನ ಹನಗೋಡಿನ ಮರಿಯಯ್ಯ ಬಂದ. ಪ್ಲಾಸ್ಟಿಕ್ ಕವರಿನಿಂದ ಹೊಗೆಸೊಪ್ಪಿನ ಸಸಿಗಳನ್ನು ತೆಗೆದು ಮೇಜಿನ ಮೇಲಿಟ್ಟ. ಬುಡ ಕಪ್ಪಾಗಿ ನೂಲಿನಂತೆ ಸೊರಗಿತ್ತು.

"ಮೂರು ಸಸಿಮಡಿ ಮಲಗೋದ್ವು ಕಣಮ್ಮಣ್ಣಿ. ಔಸ್ದಿ ಕೊಟ್ಟೆ, ಜಗ್ನಿಲ್ಲ. ಇನ್ನೆಲ್ಡು ಉಳ್ದವೆ. ಅವೂ ಓದ್ರೆ ಈ ಸಲ ನೆಡಾಕೆ ಸಸಿನೇ ಇಲ್ಲ. ಮತ್ತೆ ಬೀಜ ಚೆಲ್ಲಾಕೆ ಒತ್ತು ಮೀರೋಗದೆ."

"ಹೊಸ ಸೂಪರ್‌ವೈಜ್ರು ವೀರನಹೊಸಹಳ್ಳಿ ಕಡೆ ಹೋಗವ್ರೆ ಅಣ್ಣ. ಫೋನು ಸಿಕ್ತಿಲ್ಲ. ಕಾರ್ಯದರ್ಶಿಗಳು ಪಿರಿಯಾಪಟ್ಟಣಕ್ಕೆ ಮೀಟಿಂಗಿಗೆ ಹೋಗವ್ರೆ."

"ಇಂಗೇ ಇಂದೆ ಒಂದ್ಸಲ ಆಗಿತ್ತು. ಹಳೇ ಸೂಪ್ರೈಜರು ಬಂದು ಏನೋ ಮಾಡ್ಸುದ್ರು, ನಿಂತೋಯ್ತು. ಏನು ಅಂತ್ಲೇ ಮರ್ತೋಗದೆ." ಹಳೇ ಸೂಪರ್‌ವೈಸರು ಎಂದರೆ ಮಂಗಳಮ್ಮನ ಗಂಡ. ಅದಕ್ಕೇ ಅವನು ಮುಖ ನೋಡದೆ ನೆಲ ನೋಡಿಕೊಂಡು ಹೇಳಿದ. "ಆ ಕಂಪೂಟ್ರಲ್ಲಿ ಬರ್ದಿರ್ಬೇಕಲ್ವಾ?"

ಮಂಗಳಮ್ಮ ಮೈಕು ಒತ್ತಿ ಸಸಿಯ ಬುಡ ಕೊಳೆಯುವುದಕ್ಕೆ ಏನು ಮಾಡಬೇಕು ಎಂದು ಕೇಳಿದಳು.

"ಈ ವಿಷಯದಲ್ಲಿ ಹಲವು ಕಾಗದಗಳಿವೆ," ಎಂದಿತು ಕಂಪ್ಯೂಟರು. "ಒಂದರಲ್ಲಿ ತಕ್ಷಣ ಔಷಧಿ ಕೊಡಿ ಎಂದಿದೆ, ಇನ್ನೊಂದರಲ್ಲಿ ಕಾಯಿರಿ ಎಂದಿದೆ. ಯಾವ ವರ್ಷದ, ಯಾರ ವರದಿ ಬೇಕು?"

"ನಮ್ಮ ಕರೇ ಎಮ್ಮೆ ಸತ್ತ ವರ್ಸ," ಎಂದ ಮರಿಯಯ್ಯ. "ಅದುಕ್ಕೆ ಗೊತ್ತಾದದಾ?"

"ಇಲ್ಲಣ್ಣ."

"ಮತ್ತೇನ್ ಓದ್ಕಂಡದೆ ಅದು."

ಮಂಗಳಮ್ಮ ಮತ್ತೆ ಮೈಕು ಒತ್ತಿದಳು. "ನಮ್ಮನೆಯವ್ರು ಬರ್ದಿರೋದು."

"ಆ ಹೆಸರಿನ ಸಿಬ್ಬಂದಿ ಇಲ್ಲ."

"ಪುಟ್ಟಿ ಅಪ್ಪ ಬರ್ದಿರೋದು."

"ಆ ಹೆಸರಿನ ಸಿಬ್ಬಂದಿಯೂ ಇಲ್ಲ. ದಯವಿಟ್ಟು ಹೆಸರು ತಿಳಿಸಿ."

ಮದುವೆಯ ದಿನ ನಾದಿನಿಯರು ಹೊಸ್ತಿಲಿಗೆ ಅಡ್ಡ ನಿಂತು ಬಲವಂತ ಮಾಡಿದಾಗ ಒಮ್ಮೆ ಆ ಹೆಸರು ಹೇಳಿದ್ದಳು. ಅಷ್ಟೇ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತದೆ ಎಂದು ಅತ್ತೆ ಭದ್ರಮ್ಮ ಹೇಳಿಕೊಟ್ಟಿದ್ದಳು. ಮಂಗಳಮ್ಮ ನಡೆಸಿಕೊಂಡು ಬಂದಳು. ಬರೆದರೂ ಹೇಳಿದ ಹಾಗೆಯೇ ಎಂದು ಅರ್ಜಿಗಳಲ್ಲಿ ಆ ಜಾಗವನ್ನು ಪುಟ್ಟಿಯಿಂದ ಬರೆಸುತ್ತಿದ್ದಳು. ಆಸ್ಪತ್ರೆಯ ಕಿಟಕಿಯಲ್ಲಿ ಹೆಸರು ಕೇಳಿದಾಗಲೂ ಮೈದುನನ ಕಡೆ ತಿರುಗಿದ್ದಳು.

"ನೀವು ಬುಡಿ, ಎಂಗಸ್ರು ಎಂಗ್ ಯೋಳೀರಿ. ನಾ ಯೋಳ್ತೀನಿ," ಎಂದು ಮರಿಯಯ್ಯ ಮೇಜಿನ ಮೇಲೆ ಬಾಗಿದ. ತೆರೆದ ಬಾಯಿ ಹಾಗೇ ನಿಂತಿತು. "ಅಲ್ಲ... ಅವರ ಹೆಸ್ರೇನಮ್ಮ? ಇಷ್ಟ್ ವರ್ಸ ಸೂಪ್ರೈಜ್ರೇ, ಸೂಪ್ರೈಜ್ರೇ ಅನ್ಕಂಡೇ ಇದ್ಬುಟ್ಟೆ. ನಮ್ಮನೇಲಿ ಉಂಡೋರು ಅವ್ರು. ಹೆಸ್ರೇ ಕೇಳ್ನಿಲ್ಲ ನೋಡಿ."

ಅವನು ಟವೆಲಿನಿಂದ ಮುಖ ಒರೆಸಿಕೊಂಡು ಹಿಂದೆ ಸರಿದ.

ಪುಟ್ಟಿಗೆ ಫೋನು ಮಾಡೋಣವೆಂದರೆ ಅವಳು ತರಗತಿಯಲ್ಲಿರುತ್ತಾಳೆ. ಕಿತ್ತು ತಂದ ಸಸಿಗಳಿಂದ ಮೇಜಿನ ಮೇಲೆ ಕೆಸರು ನೀರು ಇಳಿಯುತ್ತಿತ್ತು. ಮಂಗಳಮ್ಮ ಅದನ್ನೇ ನೋಡುತ್ತ ಕುಳಿತಳು. ಕಾಪಾಡಬೇಕಾದ ಆಯಸ್ಸು ಯಾವುದೂ ಈಗ ಉಳಿದಿರಲಿಲ್ಲ. ಅದು ಅವಳಿಗೆ ತಿಳಿಯದ್ದೇನಲ್ಲ. ನಾಲಿಗೆಗೆ ಮಾತ್ರ ಇನ್ನೂ ತಿಳಿದಿರಲಿಲ್ಲ.

ಮೈಕು ಒತ್ತಿದಳು.

"ಲಿಂಗರಾಜು," ಎಂದಳು. "ಲಿಂಗರಾಜು ಬರ್ದಿರೋದು. ಹನಗೋಡು."

ಏನಾದರೂ ಆಗಬಹುದೆಂದು ಕಾದಳು. ಫ್ಯಾನು ತಿರುಗುತ್ತಿತ್ತು. ಹೊರಗೆ ಯಾರೋ ಸ್ಕೂಟರ್ ಸ್ಟಾರ್ಟ್ ಮಾಡಲು ಒದೆಯುತ್ತಿದ್ದರು. ಅವಳೊಳಗೆ ಏನೂ ಆಗಲಿಲ್ಲ.

"ಲಿಂಗರಾಜು ಅವರ ವರದಿ ದೊರೆತಿದೆ," ಎಂದು ಕಂಪ್ಯೂಟರು ಓದತೊಡಗಿತು. "ಮರಿಯಯ್ಯನವರು ಹೊಳೆ ಕಡೆಯ ತಗ್ಗಿನಲ್ಲಿ ಮಡಿ ಮಾಡಿದ್ದಾರೆ. ನೆಲ ಆರುತ್ತಿಲ್ಲ. ಔಷಧಿ ಆಮೇಲೆ, ಮೊದಲು ನೀರು ಬಸಿಯಬೇಕು. ಹೊಳೆ ಕಡೆಗೆ ಕಾಲುವೆ ಹೊಡೆಸಿದೆ. ಮಡಿಯ ಮೇಲೆ ಹೊದಿಸಿದ್ದ ಹುಲ್ಲು ತೆಗೆಸಿ, ಕೊಳೆತದ್ದನ್ನು ಮಣ್ಣು ಸಮೇತ ಎತ್ತಿಸಿ ದೂರ ಹಾಕಿಸಿದೆ. ತೇವ ಇಳಿದ ಮೇಲೆ ಔಷಧಿಗೆ ಬೋರ್ಡೋ ದ್ರಾವಣ. ಮಧ್ಯಾಹ್ನದ ಊಟ ಅವರ ಮನೆಯಲ್ಲೇ ಆಯಿತು."

ಮಂಗಳಮ್ಮ ಮೂಲ ಕಾಗದ ತೆರೆದಳು. ಬಲಕ್ಕೆ ಹೋಗುತ್ತ ಹೋಗುತ್ತ ಇಳಿಯುವ ಅದೇ ಕೈಬರಹದ ಸಾಲುಗಳು. ಬೆರಳಿಟ್ಟು ಒಂದೊಂದಾಗಿ ಓದಿ, ಕಂಪ್ಯೂಟರು ಹೇಳಿದ್ದೆಲ್ಲ ಇದೆಯೇ ಎಂದು ನೋಡಿದಳು. ಇತ್ತು. ಊಟದ ಸಾಲಿಗೆ ಬಂದಾಗ, ಆ ದಿನ ಡಬ್ಬಿ ತುಂಬಿದ್ದು ತುಂಬಿದಂತೆ ವಾಪಸು ಬಂದಿರಬೇಕು ಎಂದುಕೊಂಡಳು. ಬೈದಿದ್ದಳೋ ಏನೋ, ನೆನಪಾಗಲಿಲ್ಲ.

"ಮೊದ್ಲು ಕಾಲ್ವೆ ಅಣ್ಣ. ನೆಲ ಆರ್ದೆ ಔಸ್ದಿ ಕೊಡಬೇಡಿ."

"ಕಾಲ್ವೆ," ಎಂದು ಮರಿಯಯ್ಯ ಹಣೆ ಬಡಿದುಕೊಂಡ. "ನನ್ ಕೈಲಿದ್ದ ಗುದ್ಲಿ ಇಸ್ಕಂಡು ಅವರೇ ಇಳುದ್ರು ಕಣಮ್ಮ, ಪ್ಯಾಂಟು ಮಡುಚ್ಕಂಡು. ಈ ಸಲ ಮಡಿ ಮಾಡ್ದಾಗ ಮಣ್ಣೆಲ್ಲ ಆ ಕಾಲ್ವೆ ಒಳೀಕೇ ಎಳ್ದಾಕಿ ಮುಚ್ಚಾಕ್ಬುಟ್ಟಿದ್ದೆ ನಾನು."

ಸಸಿಗಳನ್ನು ಕವರಿಗೆ ತುಂಬಿಕೊಂಡು ಬಾಗಿಲ ತನಕ ಹೋದವನು ತಿರುಗಿ ನಿಂತ. "ಏನೋ ಅಂದ್ರಲ್ಲ. ಲಿಂಗ..."

"ಲಿಂಗರಾಜು," ಎಂದಳು ಮಂಗಳಮ್ಮ.

ಅವನು ಬಾಯಲ್ಲೇ ಅದನ್ನು ಹೇಳಿಕೊಳ್ಳುತ್ತ ಮೆಟ್ಟಿಲಿಳಿದು ಹೋದ. ಅವಳು ಬಟ್ಟೆ ತಂದು ಮೇಜಿನ ಮೇಲಿನ ನೀರು ಒರೆಸಿದಳು.

ಕೆಲವು ದಿನಗಳಾದ ಮೇಲೆ ಕಚೇರಿಗೆ ಹನಗೋಡಿನಿಂದ ಫೋನು ಬಂತು.

"ಲಿಂಗರಾಜಪ್ಪೋರ್ ಮನೆಯೋರಾ ಮಾತಾಡ್ತಿರೋದು?"

ಅವಳು ಫೋನು ಕಿವಿಗೆ ಒತ್ತಿ ಹಿಡಿದುಕೊಂಡಳು. ಆ ಹೆಸರು ಹೇಳಿ ಅವಳನ್ನು ಈವರೆಗೆ ಯಾರೂ ಕೇಳಿರಲಿಲ್ಲ.

"ಹೂಂ. ಅವರ ಮನೆಯೋಳೇ."

"ಒಂದು ಮಡಿ ಓಯ್ತಮ್ಮ. ಇನ್ನೊಂದು ನಿಂತ್ಕತು, ಅಸ್ರು ಮಾಡ್ಕಂಡದೆ. ಅರ್ಧ ಒಲಕ್ಕೆ ಸಾಕು."

"ಆಯ್ತಣ್ಣ," ಎಂದು ಮಂಗಳಮ್ಮ ಫೋನಿಟ್ಟಳು. ಎದುರಿಗೆ ಬೇರೊಬ್ಬ ರೈತ ಕಾಯುತ್ತಿದ್ದ. ಅವನಿಗೆ ಬೇಕಾದ್ದು ಯಾವ ಕಾಗದವೆಂದು ಕೇಳಿ, ಮೈಕು ಒತ್ತಿದಳು.