ದೀಪ ಆರಿದ ಮ್ಯಾಲಿನ ಸಿನೆಮಾ

ನಾನು ಕಂಡಾಪಟ್ಟಿ ಸಿನೆಮಾ ನೋಡಿದಾಕಿ. ಆದರ ಆ ಕಾಲದಾಗ ಒಂದರದ್ದೂ ಸುರುವಾತು ನೋಡಿದ್ದಿಲ್ಲ, ಕೊನಿ ನೋಡಿದ್ದಿಲ್ಲ. ನಗಬ್ಯಾಡ್ರಿ. ನಮ್ಮ ಕಮಲಾಪುರದಾಗ ಮರ್ಯಾದಸ್ಥರ ಮನಿ ಹೆಣ್ಮಕ್ಕಳು ಸಿನೆಮಾದ ಟೆಂಟಿನೊಳಗ ಕಾಲಿಡಬೇಕಂದ್ರ ಮೊದಲು ದೀಪ ಆರಬೇಕಾಗಿತ್ತು. ಕತ್ತಲಾಗ ಹೋಗಿ ಚಾಪಿ ಮರಿಗಿ ಕೂಡೋದು, ಮತ್ತ ದೀಪ ಹತ್ತೂ ಮೊದಲೇ ಎದ್ದು ಮನಿ ಹಾದಿ ಹಿಡಿಯೋದು. ಗಂಡಸರ ಕಣ್ಣಿಗಿ ಬಿದ್ದರ ಮನಿತನದ ಮೂಗು ಹೋದಂಗ. ನಾವು ಹೋಗೂದರಾಗ ನಾಯಕಿ ಅಳಾಕತ್ತಿರ್ತಿದ್ದಳು, ಯಾಕಂತ ಗೊತ್ತಿರ್ತಿದ್ದಿಲ್ಲ. ನಾವು ಏಳೂ ಹೊತ್ತಿಗಿ ನಾಯಕ ಕುದುರಿ ಹತ್ತಿ ಹೊಂಟಿರ್ತಿದ್ದ, ಮುಟ್ಟಿದನೋ ಇಲ್ಲೋ ದೇವರೇ ಬಲ್ಲ. "ಏಳ್ರಬೇ, ಇನ್ನೇನ ದೀಪ ಹತ್ತತಾವ" ಅಂತ ಯಾರರೆ ಪಿಸುಗುಟ್ಟಿದರ ಸಾಕು, ಸೆರಗು ಎಳಕೊಂಡು ಎಲ್ಲಾರೂ ಓಡತಿದ್ದೆವು. ನನಗಂತೂ ಮೈಯೆಲ್ಲಾ ಉರೀತಿತ್ತು.

ನನ್ನ ತವರುಮನಿ ಕಲಬುರ್ಗಿ ಸ್ಟೇಶನ್ ಬಜಾರದಾಗ. ಎದುರಿಗೇ ಚಹಾದ ಹೋಟೆಲ್, ಹೋಟೆಲಿನಾಗ ಗ್ರಾಮಾಫೋನು. ಹೊಸ ರಿಕಾರ್ಡು ಬಂತಂದ್ರ ನನ್ನ ಅಣ್ಣ ಊಟ ಬಿಟ್ಟು ಹೋಗಿ ಕುಂದರತಿದ್ದ, ನಾನು ಕಿಡಕಿ ಬಿಟ್ಟು ಸರೀತಿದ್ದಿಲ್ಲ. ಸಾರಂಗಿ ಎಲ್ಲಿ ಬರತದ, ತಬಲಾ ಎಲ್ಲಿ ನಿಲ್ಲತದ, ಎಲ್ಲಾ ಬಾಯಿಪಾಠ. ಹಾಡಿನ ಅರ್ಥ ಅಣ್ಣ ಹೇಳತಿದ್ದ, ಅಂವ ಉರ್ದು ಶಾಲಿ ಕಲಿತಾಂವ. ತನಗ ತಿಳೀಲಿಲ್ಲಂದ್ರ ಮನಸಿಗಿ ಬಂದಂಗ ಹೇಳತಿದ್ದ, ನಾನು ಅದನ್ನೇ ನಂಬಿ ಅಳತಿದ್ದೆ. ಅಂಥಾಕಿನ್ನ ಪೊಲೀಸ್ ಆ್ಯಕ್ಷನ್ ಆದ ಮರುವರ್ಷ ಕಮಲಾಪುರಕ್ಕ ಕೊಟ್ಟರು. ಯವ್ವಾ, ಹಾಡಿಲ್ಲದ ಊರು! ಸಂಜಿಗಿ ದನದ ಗಂಟಿ ಸಪ್ಪಳ ಬಿಟ್ಟರ ಏನೂ ಇಲ್ಲ. ಊರಿನ ಎದಿಯೊಳಗಿನ ಹೆದರಿಕಿ ಇನ್ನೂ ಹೋಗಿದ್ದಿಲ್ಲ; ಯಾರರೆ ಬಾಗಲಾ ಜೋರಾಗಿ ಬಡದ್ರ ಮುದುಕೇರು ಹುಡುಗರನ್ನ ಒಳಗ ಎಳಕೋತಿದ್ದರು. ನನಗ ಕುಂತಲ್ಲಿ ಕೂಡಾಕಾಗಂಗಿಲ್ಲ, ನಿಂತಲ್ಲಿ ನಿಲ್ಲಾಕಾಗಂಗಿಲ್ಲ.

ಅಂಥಾದರಾಗ ಊರ ಹೊರಗ ಟೆಂಟ್ ಬಂತು. ಬಿದಿರಿನ ತುದಿಗಿ ಕಟ್ಟಿದ ಸ್ಪೀಕರಿನ ಕರ್ಣದಾಗಿಂದ ಹೊತ್ತು ಮುಳುಗೂದರಾಗ ಹಾಡು ಸುರು. ಮೊದಲು ದೇವರ ಹಾಡು, ಆಮ್ಯಾಲ ಸಿನೆಮಾದ್ದು, ಎಲ್ಲಾದಕ್ಕಿಂತ ಕಡೀಕ ಶಹನಾಯಿ. ಶಹನಾಯಿ ನಿಂತರ ದೀಪ ಆರತಿದ್ದವು. ಗಡಿಯಾರ ಯಾರ ಮನ್ಯಾಗಿತ್ತು? ದೇವರ ಹಾಡಿಗಿ ಹಿಟ್ಟು ನಾದೂದು, ಶಹನಾಯಿ ಬರೂದರಾಗ ಕಡೀ ರೊಟ್ಟಿ ಹಂಚಿನಿಂದ ಇಳೀಬೇಕು. ಇಡೀ ಓಣಿ ಹಂಗೇ ರೊಟ್ಟಿ ಬಡೀತಿತ್ತು.

ನನ್ನ ಅತ್ತಿ ಟೆಂಟಿನ ಕಡೆ ಮುಖ ಮಾಡಿದವರಲ್ಲ. "ಹೊಲಸು, ಹೊಲಸು" ಅಂತಿದ್ದರು. ಮರುದಿನ ಜ್ವಾಳ ಹಸನ ಮಾಡಕೋತ "ಕೊನಿಗೇನಾತಬೇ?" ಅಂತ ಕೇಳವ್ರೂ ಅವರೇ. ನೋಡಿದ್ದರಲ್ಲ ಹೇಳಾಕ! ಆದರ ಸುಮ್ಮಕಿದ್ದರ ನಾನೆಂಥಾ ಸಿನೆಮಾದಾಕಿ? ಕುದುರಿ ಮುಟ್ಟಿಸತಿದ್ದೆ, ಲಗ್ನ ಮಾಡಸತಿದ್ದೆ, ಒಮ್ಮೊಮ್ಮೆ ಸಿಟ್ಟು ಬಂದಿತ್ತಂದ್ರ ನಾಯಕನ್ನ ಹೊಳಿಗಿ ಕೆಡವತಿದ್ದೆ. ಬಾವಿ ಕಟ್ಟಿ ಮ್ಯಾಲೂ ಇದೇ ಜಗಳ. ಒಬ್ಬೊಬ್ಬಾಕಿಂದು ಒಂದೊಂದು ಕೊನಿ, ತನ್ನದೇ ಖರೇ ಅಂತ ಬಡದಾಡೋದು.

ಈ ಆಟಕ್ಕ ಬರದಾಕಿ ಅಂದ್ರ ನನ್ನ ನೆಗೆಣ್ಣಿ ಒಬ್ಬಾಕಿನೇ. ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕಾ ಅಂತಿದ್ದೆ. ನನಗ ಜೋಡಿ ಬೇಕಂತ ಟೆಂಟಿಗಿ ಬರತಿದ್ದಳು, ಬಂದು ತೂಕಡಸತಿದ್ದಳು. "ನೋಡದ್ದನ್ನ ಹೆಂಗ ಹೇಳತೀಬೇ? ನಾಲಿಗಿ ಸುಡಂಗಿಲ್ಲೇನು?" ಅಂತಿದ್ದಳು. ಸುಳ್ಳಂದ್ರ ಆಕಿಗಿ ಆಗತಿದ್ದಿಲ್ಲ. ಆಕಿ ಮನಸು ಬ್ಯಾರೆ ಕಡಿಗಿತ್ತು. ಆಕಿಗಿ ಒಬ್ಬನೇ ತಮ್ಮ. ರಜಾಕಾರರ ಹಾವಳ್ಯಾಗ ನಿಜಾಮನ ಮ್ಯಾಲಿನ ಹೋರಾಟಕ್ಕಂತ ಸೊಲ್ಲಾಪುರ ಕಡೆ ಗಡಿ ಕ್ಯಾಂಪಿಗಿ ಹೋದಾಂವ ಹೊಳ್ಳಿ ಬಂದಿದ್ದಿಲ್ಲ. ನಿಜಾಮನ ರಾಜ್ಯ ಹೋತು, ಕ್ಯಾಂಪಿನ ಮಂದಿ ಬಂದರು, ಅಂವ ಬರಲಿಲ್ಲ. ಸತ್ತ ಅಂದವರಿಲ್ಲ, ಅದಾನ ಅಂದವರಿಲ್ಲ. ರಸ್ತೆದಾಗ ಮೋಟಾರ ನಿಂತ ಸಪ್ಪಳಾದ್ರ ಸಾಕು, ಹಿಟ್ಟಿನ ಕೈಲೇ ಬಾಗಲಿಗಿ ಓಡತಿದ್ದಳು.

ಒಂದಿನ ಅಣ್ಣ ಕಲಬುರ್ಗಿಯಿಂದ ಬಂದ. ಚಪ್ಪಲಿ ಬಿಡೂದರೊಳಗ ಅಕ್ಕನ ಮುಂದ ನಿಂತ. ಅಕ್ಕನ ತಮ್ಮ ಇವನ ಜೋಡಿ ಶಾಲಿ ಕಲಿತಾಂವ.

"ಅಕ್ಕಾರ, ನಿಮ್ಮ ತಮ್ಮ ಕಂಡಾನ್ರಿ. ನ್ಯೂಸ್ ರೀಲಿನಾಗ. ಕ್ಯಾಂಪಿನ ಮಂದಿ ಲಾರಿ ಹತ್ತಾಕತ್ತಾರ, ಅದರಾಗ ಅದಾನ. ಆಣಿ ಮಾಡಿ ಹೇಳ್ತೀನಿ. ಈಗ ಅದೇ ರೀಲು ನಿಮ್ಮೂರ ಟೆಂಟಿಗಿ ಬಂದದ."

ಅಕ್ಕ ಕೈಯಾಗಿನ ಹಿಟ್ಟು ಒಣಗಿ ಉದುರೂತನಕ ನಿಂತಳು. ಆಮ್ಯಾಲ ನನ್ನ ಕಡೆ ತಿರುಗಿ, "ನ್ಯೂಸ್ ರೀಲು ಯಾವಾಗ ತೋರಸ್ತಾರಬೇ?" ಅಂತ ಕೇಳಿದಳು. ನಾನು ದೊಡ್ಡ ಶ್ಯಾಣ್ಯಾಕಿ, "ನಡುವಿನ ಸೂಟಿಯಾಗಿರಬೇಕು" ಅಂದೆ. ನನಗೇನು ಗೊತ್ತು? ಸುರುವಾತು ನೋಡಿದ್ದರಲ್ಲ!

ಆ ಸಂಜಿ ಅಕ್ಕ ತಾನೇ ನನ್ನ ಎಳಕೊಂಡು ಹೋದಳು. ಶಹನಾಯಿ ನಿಂತಿತು, ದೀಪ ಆರಿದವು, ಹೊರಗ ನಿಂತ ಗಂಡಸರೆಲ್ಲಾ ಒಳಗ ಹೋಗೂತನಕ ಮರಿಗಿ ಕಾದು ನಾವು ಎಂದಿನಂಗ ಕತ್ತಲಾಗ ನುಸುಳಿದೆವು. ಒಳಗ ಯಾಕೋ ನಾಯಕಿ ಆಗಲೇ ತುಳಸಿ ಪೂಜಿ ಮಾಡಾಕತ್ತಿದ್ದಳು. ಅಕ್ಕ ನನ್ನ ಮುಂಗೈ ಹಿಡದಾಕಿ ಬಿಡಲೇ ಇಲ್ಲ. ಪರದೆ ಮ್ಯಾಲ ನಾಕ ಮಂದಿ ಕೂಡಿದರ ಸಾಕು, "ಇದೇನು? ಇದೇನು?" ಅಂತ ಮುಂದಕ್ಕ ಬಾಗತಿದ್ದಳು. ನಡುವ ಗ್ಯಾಸಿನ ದೀಪ ಹತ್ತಿದವು, ಎಲ್ಲಾರೂ ಸೆರಗು ಮುಚ್ಚಿಕೊಂಡು ಟೆಂಟಿನ ಅರಿವಿ ಕಡೆ ತಿರುಗಿದೆವು, ದೀಪ ಆರಿದವು, ಮತ್ತ ಅದೇ ನಾಯಕಿ. ಹೊರಗ ಬರೂತ್ಲೇ ಅಣ್ಣ ಓಡಿ ಬಂದು "ಕಂಡನಿಲ್ರಿ?" ಅಂದ. ಎಲ್ಲಿ ಕಾಣತಾನ ಅಂದೆ ನಾನು. "ಸುರುವಿಗೇ ತೋರಿಸಿದರಲ್ಲಬೇ! ಸಿನೆಮಾದಕ್ಕಿಂತ ಮೊದಲು!"

ಅಯ್ಯೋ ನಮ್ಮ ಮರ್ಯಾದಿಗಿಷ್ಟು ಬೆಂಕಿ ಹಚ್ಚ. ಸೊಲ್ಪ ಮೊದಲು ಒಳಗ ಹೋಗಿದ್ದರ ಆಗತಿತ್ತು. ನಮ್ಮ ಟೆಂಟಿನಾಗ ಆ ರೀಲಿನದು ಅದೇ ಕಡೀ ಆಟ. ರೀಲಿನ ಡಬ್ಬಿ ಮುಂಜಾನಿ ಮೋಟಾರಿಗಿ ಕಲಬುರ್ಗಿ ಟಾಕೀಸಿಗಿ ಹೊಳ್ಳಿ ಹೋಗೂದಿತ್ತು. ಅಕ್ಕ ರಾತ್ರಿ ಉಣಲಿಲ್ಲ. ಮುಂಜಾನೆ ಅತ್ತಿ ಒಲಿ ಮುಂದ ಕುಂತು ಯಾರ ಮುಖಾನೂ ನೋಡದಂಗ ಅಂದರು: "ಇಬ್ಬರೂ ಹೋಗಿ ಬರ್ರಿ. ತವರಿಗಿ ಹೋಗ್ಯಾರ ಅಂತ ಹೇಳ್ತೀನಿ, ಯಾರರೆ ಕೇಳಿದ್ರ."

ಡಬ್ಬಿಗಳೂ ನಾವು ಹತ್ತಿದ ಮೋಟಾರಿನಾಗೇ ಇದ್ದವು. ತಗಡಿನ ಚಪ್ಪಟಿ ಡಬ್ಬಿಗಳು, ಹಗ್ಗ ಕಟ್ಟಿ ನಮ್ಮ ಕಾಲ ಹತ್ತಿರನೇ ಇಟ್ಟಿದ್ದರು. ಯಾವುದರಾಗ ನ್ಯೂಸ್ ರೀಲು ಅದ ಅಂತ ಜೋಡಿ ಬಂದಿದ್ದ ಅಣ್ಣಗೂ ಗೊತ್ತಿದ್ದಿಲ್ಲ. ಅಕ್ಕ ಹಾದಿ ತುಂಬ ಬಗ್ಗಿ ಬಗ್ಗಿ ಅವನ್ನ ಮುಟ್ಟತಿದ್ದಳು. ಬಿಸಲಿಗಿ ಕಾದಿದ್ದವು. "ಇದರಾಗ ಅದಾನೇನಬೇ?" ಅಂದಳು. ಮೋಟಾರಿನಾಂವ ಊರೂರಿಗಿ ನಿಲ್ಲಸತಿದ್ದ. ಒಬ್ಬ ಕುರಿ ಹತ್ತಿಸತಾನ, ಒಬ್ಬ ಮೇವಿನ ಸಿವುಡು. ಇಳದು ನೂಕಲೇನೋ ಅನ್ನೂವಷ್ಟು ನನಗ ತ್ರಾಸಾಗತಿತ್ತು.

ಕಲಬುರ್ಗಿ ಟಾಕೀಸಿನಾಗ ಹೆಂಗಸರಿಗಿ ಬ್ಯಾರೆ ಬಾಗಲಾ ಇತ್ತು, ಜನಾನಾ ಅಂತಿದ್ದರು. ಆದರ ಅದರ ಎದುರಿಗೇ ಗಂಡಸರು ಗಂಟಿ ಆಗೂತನಕ ಪಾನ್ ಜಗಕೋತ ನಿಂತಿರತಿದ್ದರು. ಮಧ್ಯಾಹ್ನದ ಆಟ, ಸುಡು ಸುಡು ಬಿಸಲು, ದೀಪ ಆರೂದು ದೂರ. ನನ್ನ ಕಾಲು ನೆಲಕ್ಕ ಅಂಟಿದವು. ಇಡೀ ಸ್ಟೇಶನ್ ಬಜಾರ ನನ್ನ ಬಲ್ಲದು! ಅಕ್ಕ ನನ್ನ ಬಿಟ್ಟು ನಟ್ಟನಡುವ ನಡದಳು. ಪಾನ್ ಜಗಿಯೋರು ಬಾಯಿ ನಿಲ್ಲಿಸಿ ನೋಡಿದರು. ನಾನು ನೆಲಾ ನೋಡಕೋತ ಬೆನ್ನ ಹತ್ತಿದೆ.

ಒಳಗ ನಾವಿಬ್ಬರೇ ಇರತೀವಿ ಅನಕೊಂಡಿದ್ದೆ. ಜನಾನಾ ತುಂಬಿತ್ತು! ಬೆಳಕು ಇನ್ನೂ ಇತ್ತು, ಯಾರೂ ಮುಖ ಮುಚ್ಚಿಕೊಂಡಿದ್ದಿಲ್ಲ. ಹಳ್ಳಿ ಮುದುಕೇರು, ಕೂಸು ಕಟ್ಟಿಕೊಂಡವರು, ತಾಜಸುಲ್ತಾನಪುರದಿಂದ ಬಂಡಿ ಕಟ್ಟಿಸಿಕೊಂಡು ಬಂದವರು. ನಮ್ಮ ಮಗ್ಗಲಿಗಿ ರೋಜಾ ಓಣಿ ಕಡ್ಯಾಕಿ ಒಬ್ಬ ಮುದುಕಿ, ಬುರ್ಖಾ ಮ್ಯಾಲಕ್ಕ ಎತ್ತಿಕೊಂಡು ಕುಂತಿದ್ದಳು. ಯಾರೂ ಮಾತಾಡವಲ್ಲರು. ಸಿನೆಮಾಕ್ಕ ಬಂದವರು ಹಿಂಗ ಕೂಡಂಗಿಲ್ಲ, ನನಗ ಗೊತ್ತದ. ಆಗ ತಿಳೀತು, ಇವರೆಲ್ಲಾರೂ ಅದೊಂದಕ್ಕೇ ಬಂದಾರ.

ದೀಪ ಆರಿದವು. ಬಾಜಾ ಬಾರಿಸಿತು, ಯಾರೋ ಗಡಸು ದನಿಲೇ ಹಿಂದಿಯಾಗ ಮಾತಾಡಿದ. ಲಾರಿಗಳು ಬಂದವು, ಧೂಳಿ, ಟೊಪ್ಪಿಗಿ, ರುಮಾಲು, ಗಂಟು ಹೊತ್ತ ಮಂದಿ. ಜನಾನಾದಾಗ ಒಮ್ಮೆಲೇ ಗದ್ದಲ. "ಅಗಾ!" "ಆ ಕಡ್ಯಾಂವ!" "ಸರೀಬೇ, ಕಾಣವಲ್ಲದು!" ಅಕ್ಕ ಎದ್ದು ನಿಂತಿದ್ದಳು. ಒಬ್ಬ ಹುಡುಗ ನಮಗ ಬೆನ್ನ ಮಾಡಿ ಲಾರಿ ಹತ್ತಾಕತ್ತಿದ್ದ. ಅಕ್ಕನ ಬಾಯಿಂದ ಒಂದು ಸಣ್ಣ ದನಿ ಬಂತು. ನಾನು ಆ ತಮ್ಮನ್ನ ಎಂದೂ ನೋಡಿದಾಕಿ ಅಲ್ಲ, ಪರದೆ ಬಿಟ್ಟು ಅಕ್ಕನ ಮುಖಾನೇ ನೋಡಿದೆ. ಆ ಹುಡುಗ ತಿರುಗಿ ನಕ್ಕಿರಬೇಕು. ಅಕ್ಕನ ಮುಖ ಇಳದುಹೋತು.

"ಅಲ್ಲ" ಅಂದಳು. ಅಷ್ಟೇ.

ಮಗ್ಗಲಿನ ಮುದುಕಿ ಆಕಿ ಸೆರಗು ಜಗ್ಗಿ, "ದಿಖ್ಯಾ ಕ್ಯಾ ಬೇಟೀ?" ಅಂದಳು.

"ಇಲ್ರೀ ಅಮ್ಮಾ. ನಿಮ್ಮಾಂವ?"

"ಮೇರಾ ಭೀ ನೈ, ಮಾ."

ಸಿನೆಮಾ ಸುರು ಆತು. ಹೆಂಗಸರು ಒಬ್ಬೊಬ್ಬರೇ ಎದ್ದು ಹೋದರು. ಮಂಗಳವಾರ ಸಂತಿ ಮುಗದಂಗ ಜನಾನಾ ಖಾಲಿ ಆತು. ನಾನೂ "ನಡಿ ಅಕ್ಕಾ" ಅಂದೆ. ಆಕಿ ಏಳಲಿಲ್ಲ. ಮುದುಕಿನೂ ಏಳಲಿಲ್ಲ. ಇಬ್ಬರೂ ಪರದೆ ನೋಡಕೋತ ಕುಂತರು, ಮುದುಕಿ ಕೈ ಅಕ್ಕನ ತೊಡಿ ಮ್ಯಾಲಿತ್ತು. ಹಾಡು ಬಂದವು, ಹೋದವು. ಕಡೀಕ ಎಲ್ಲಾ ದೀಪ ಹತ್ತಿದವು, ಗಂಡಸರು ಹೊರಬಿದ್ದು ನಮ್ಮ ಬಾಗಲದ ಮುಂದೇ ಹಾದು ಹೋದರು, ಅಕ್ಕ ತಲಿಮ್ಯಾಲ ಸೆರಗಿಲ್ಲದೇ ಹಂಗೇ ಕುಂತಿದ್ದಳು. ಬೈದು ಬಿಡಬೇಕು ಅನಿಸ್ತು ನನಗ, ಯಾರನ್ನ ಬೈಬೇಕಂತ ತಿಳೀಲಿಲ್ಲ.

ಮರುದಿನ ಹೊಳ್ಳಿ ಬರೂ ಮುಂದ ಮೋಟಾರಿನಾಗ ಆಕಿ ಕೇಳಿದಳು, "ಆ ಸಿನೆಮಾದ ಕಥಿ ಏನಿತ್ತಬೇ?" ನನಗೂ ಗೊತ್ತಿದ್ದಿಲ್ಲ. ಹುಟ್ಟಿದಾಗಿಂದ ಅಲ್ಲೀತನಕ ಸುರುವಿನಿಂದ ಕೊನಿತನಕ ಕುಂತು ನೋಡಿದ್ದು ಅದೊಂದೇ ಸಿನೆಮಾ, ಅದರಾಗಿನ ಒಂದು ಹಾಡೂ ಇವತ್ತಿಗೂ ನನಗ ನೆನಪಿಲ್ಲ.

ಮನ್ಯಾಗ ಅತ್ತಿ ಜ್ವಾಳ ಹಸನ ಮಾಡಾಕತ್ತಿದ್ದರು. ನಮ್ಮ ಮುಖ ನೋಡಿದ್ದೇ ತಿಳಕೊಂಡರು. ಸಂಜಿಗಿ ಟೆಂಟಿನ ಕರ್ಣದಾಗ ದೇವರ ಹಾಡು ಸುರು ಆತು, ಅಕ್ಕ ಹಿಟ್ಟು ನಾದಾಕ ಕುಂತಳು. ಅತ್ತಿ ಮೆಲ್ಲಕ, ರೂಢಿಲೇ, ನನ್ನ ಕಡೆ ನೋಡಿ ಅಂದರು: "ಕೊನಿಗೇನಾತಬೇ?"

ನಾನು ಒಲಿಗಿ ಕಟಗಿ ಸರಿಸಿದೆ.

ಅಕ್ಕ ಹಿಟ್ಟು ನಾದೂದು ನಿಲ್ಲಿಸಲಿಲ್ಲ. "ಕೊನಿಗಿ ತಮ್ಮ ಮನಿಗಿ ಬಂದನ್ರಿ ಅತ್ತಿ" ಅಂದಳು. "ಬಾಗಲದಾಗ ನಿಂತು, ಅಕ್ಕಾ ಒಂದು ತಂಬಿಗಿ ನೀರು ಕೊಡು ಅಂದ."

ಅತ್ತಿ ಮೊರದಾಗಿನ ಜ್ವಾಳ ಹಂಗೇ ಬಿಟ್ಟು ಕುಂತರು. "ಛಲೋ ಆತು ತಗೋ" ಅಂದರು.