ಕುಯ್ ತಿನ್ನಬೇಕಿದ್ದ ಬೆಕ್ಕು

ನನ್ನ ದೊಡ್ಡಮ್ಮ ದೊಮಿತಿಲಾ ಆ ಬೆಕ್ಕಿನ ಮರಿಯನ್ನು ಕನಿಕರದಿಂದ ಬದುಕಿಸಿದರು ಎಂದು ಓಣಿಗೆ ಹೊಸದಾಗಿ ಬಂದವರು ಹೇಳುತ್ತಾರೆ. ಅದು ಸರಿಯಲ್ಲ. ಅವರು ಅದನ್ನು ಬದುಕಿಸಿದ್ದು ಸೇಡಿಗಾಗಿ. ಆ ವರ್ಷವಿಡೀ ನಾನು ಅದೇ ಅಡುಗೆಮನೆಯಲ್ಲಿದ್ದೆ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ದೊಡ್ಡಮ್ಮನಿಗೆ ಆಗ ಐವತ್ತೆಂಟು. ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮೆಕ್ಕೆಜೋಳವನ್ನು ಬೂದಿನೀರಿನಲ್ಲಿ ಕುದಿಸಿ, ಸಿಪ್ಪೆ ಉಜ್ಜಿ ತೆಗೆದು, ಮತ್ತೆ ಬೇಯಿಸಿ ಸೋಮವಾರ ಅಂಬಾತೊ ಪಟ್ಟಣದ ಸಂತೆಯಲ್ಲಿ ಮಾರುತ್ತಿದ್ದರು. ಬೂದಿನೀರಿಗೆ ಬೆರಳ ತುದಿಗಳೆಲ್ಲ ಸವೆದು ನುಣುಪಾಗಿದ್ದವು. ಗುರುತಿನ ಚೀಟಿಗೆ ಬೆರಳೊತ್ತಿದರೆ ಒಂದು ಗೆರೆಯೂ ಮೂಡುತ್ತಿರಲಿಲ್ಲ. "ನಾನು ಕಳ್ಳತನ ಮಾಡಿದ್ರೂ ಸಿಕ್ಕಿಬೀಳಲ್ಲ" ಎಂದು ಅವರೇ ನಗುತ್ತಿದ್ದರು.

ಗೋಡೆಗೆ ಗೋಡೆ ತಾಗಿದ ಪಕ್ಕದ ಮನೆ ಒರ್ತೆನ್ಸಿಯಾಳದು. ದೊಡ್ಡಮ್ಮನಿಗೆ ಹುಟ್ಟಿದ್ದು ಒಂದೇ ಮಗು, ನೇಲಿದಾ ಎಂಬ ಹೆಣ್ಣು. ಅದು ನಲವತ್ತು ದಿನ ಬದುಕಿತು. ಇಗರ್ಜಿಯಲ್ಲಿ ಹೆಸರಿಡುವ ಜ್ಞಾನಸ್ನಾನದ ದಿನ ಅದನ್ನು ಎತ್ತಿಕೊಂಡು ನಿಂತವಳು ಒರ್ತೆನ್ಸಿಯಾ. ಹಾಗೆ ನಿಂತವಳು ತಾಯಿಗೆ ಸಾಯುವ ತನಕ ಕೊಮಾದ್ರೆ, ಮಗು ಇರಲಿ ಬಿಡಲಿ. ಇಬ್ಬರೂ ಒಬ್ಬರನ್ನೊಬ್ಬರು ಹಾಗೆಯೇ ಕರೆಯುತ್ತಿದ್ದರು, ಬಹುವಚನದಲ್ಲೇ ಮಾತಾಡುತ್ತಿದ್ದರು. ಬೈಯುವಾಗಲೂ.

ಆ ವರ್ಷ ಸೆಪ್ಟೆಂಬರಿನ ಮಾತೆಯ ಹಬ್ಬವನ್ನು ನಡೆಸುವ ಹೊಣೆಯನ್ನು ಒರ್ತೆನ್ಸಿಯಾ ಹೊತ್ತಿದ್ದಳು. ಹಬ್ಬ ನಡೆಸುವವರು ಬಂದವರಿಗೆಲ್ಲ ಸುಟ್ಟ ಕುಯ್ ಬಡಿಸಬೇಕು. ಬಾಲವಿಲ್ಲದ, ಹುಲ್ಲು ತಿನ್ನುವ, ಎರಡು ಕೈಗಳಲ್ಲಿ ಹಿಡಿಯುವಷ್ಟು ದಪ್ಪದ ಈ ಪ್ರಾಣಿಗಳು ನಮ್ಮಲ್ಲಿ ಎಲ್ಲರ ಅಡುಗೆಮನೆಯಲ್ಲೂ ಒಲೆಯ ಸುತ್ತ ಓಡಾಡಿಕೊಂಡಿರುತ್ತವೆ. ಒರ್ತೆನ್ಸಿಯಾ ಮಾತ್ರ ಹಬ್ಬಕ್ಕೆಂದು ಹಿತ್ತಿಲಿನಲ್ಲಿ ಬೇರೆ ಗುಡಿಸಲು ಕಟ್ಟಿ ನೂರು ಕುಯ್ ಬೆಳೆಸುವ ಲೆಕ್ಕ ಹಾಕಿದ್ದಳು. ಆದರೆ ಮರಿಗಳು ಒಂದೊಂದಾಗಿ ಮಾಯವಾಗುತ್ತಿದ್ದವು. ನಮ್ಮ ಬೆಕ್ಕು ಸೆನಿಸಾನೇ ತಿನ್ನುತ್ತಿದೆ ಎಂದು ಅವಳು ತೀರ್ಮಾನಿಸಿದಳು.

ಫೆಬ್ರವರಿಯಲ್ಲಿ, ಕಾರ್ನಿವಲ್ ಹಬ್ಬದ ಸೋಮವಾರ ನಾವು ಸಂತೆಯಿಂದ ಬಂದಾಗ ಸೆನಿಸಾ ನೀರಿನ ತೊಟ್ಟಿಯ ಬಳಿ ಸತ್ತು ಬಿದ್ದಿತ್ತು. ಬಾಯಿಯಲ್ಲಿ ನೊರೆ, ಹಲ್ಲಿನ ನಡುವೆ ಮೀನಿನ ತಲೆ. ಜೋಳದ ಸಿಪ್ಪೆಯ ಬುಟ್ಟಿಯಲ್ಲಿ ಮೂರು ದಿನದ ನಾಲ್ಕು ಮರಿಗಳಿದ್ದವು. ಅದರಲ್ಲಿ ಮೂರು, ಕಲ್ಲಿನಂತೆ ತಣ್ಣಗಾಗಿದ್ದವು. ನಾಲ್ಕನೆಯದನ್ನೂ ಗುಂಡಿಗೆ ಇಳಿಸುವುದರಲ್ಲಿದ್ದೆವು, ಅಷ್ಟರಲ್ಲಿ ಅದು ಬಾಯಿ ತೆರೆಯಿತು. ಶಬ್ದ ಬರಲಿಲ್ಲ.

ನಮ್ಮ ಓಣಿಯಲ್ಲಿ ಮೀನು ಬೇಯುವ ಮನೆ ಒಂದೇ. ಒರ್ತೆನ್ಸಿಯಾಳ ಗಂಡ ಕರಾವಳಿಯವನು. ದೊಡ್ಡಮ್ಮ ಗೋಡೆಯ ಹತ್ತಿರ ಹೋಗಿ ನಿಂತರು.

"ಕೊಮಾದ್ರೆ, ಇವತ್ತು ನಿಮ್ಮನೇಲಿ ಮೀನಾ?"

"ಹೌದು ಕೊಮಾದ್ರೆ. ಯಾಕೆ, ಒಂದು ತುಂಡು ಕಳಿಸ್ಲಾ?"

"ತಲೆ ಆಗ್ಲೇ ಬಂದಿದೆ. ನನ್ನ ಬೆಕ್ಕಿನ ಬಾಯಲ್ಲಿದೆ."

"ಅಯ್ಯೋ ಪಾಪ, ಮುಳ್ಳು ಸಿಕ್ಕಿರ್ಬೇಕು. ಕಂಡೋರ ಮನೇದು ತಿನ್ನೋ ಬೆಕ್ಕುಗಳ ಗತಿ ಅಷ್ಟೇ."

ದೊಡ್ಡಮ್ಮ ಬದುಕಿದ್ದ ಮರಿಯನ್ನು ಅಂಗೈಯಲ್ಲಿಟ್ಟು ಗೋಡೆಯ ಮೇಲಕ್ಕೆ ಎತ್ತಿ ತೋರಿಸಿದರು. "ಇದನ್ನ ಚೆನ್ನಾಗಿ ನೋಡ್ಕೊಳ್ಳಿ. ನಿಮ್ಮ ಕುಯ್ ಇದರ ಹೊಟ್ಟೆಗೆ ಹೋಗೋ ತನಕ ನಾನು ಸಾಯಲ್ಲ."

"ಇದಾ? ಕಣ್ಣೇ ಬಿಟ್ಟಿಲ್ಲವಲ್ಲ! ಬೆಳಗ್ಗೆ ತನಕ ಉಳಿದ್ರೆ ಒಂದು ಕೂಗು ಹಾಕಿ, ಇಗರ್ಜೀಲಿ ಮೇಣದಬತ್ತಿ ಹಚ್ತೀನಿ."

ಬೆಳಿಗ್ಗೆ ಐದೂವರೆಗೆ ದೊಡ್ಡಮ್ಮ ಗೋಡೆಯ ಬಳಿ ಹೋಗಿ ಕೂಗು ಹಾಕಿದರು. "ಕೊಮಾದ್ರೇ! ಮೇಣದಬತ್ತಿ!"

ಆದರೆ ಒಂದು ದಿನ ಉಳಿಸುವುದು ಬೇರೆ, ಬೆಳೆಸುವುದು ಬೇರೆ. ಮೊದಲ ದಿನ ಅವರು ಹಸುವಿನ ಹಾಲು ಕೊಟ್ಟರು. ಮರಿಗೆ ಭೇದಿಯಾಗಿ ಚರ್ಮ ಮೂಳೆಗೆ ಅಂಟಿಕೊಂಡಿತು. ಮಗುವಿನ ಹಾಗೆ ಅಂಗಾತ ಮಲಗಿಸಿ ಕುಡಿಸಿದಾಗ ಹಾಲು ಮೂಗಿನಿಂದ ಬಂತು. ದೊಡ್ಡಮ್ಮ ಅದನ್ನು ತಟ್ಟನೆ ತಲೆಕೆಳಗು ಮಾಡಿ ಬೆನ್ನು ಸವರಿದರು. ಉಸಿರು ಮರಳಿದ ಮೇಲೆ ತಮಗೆ ತಾವೇ ಹೇಳಿಕೊಂಡರು: "ಮಗು ಥರ ಹಿಡೀಬಾರದು ಕಣೇ ದೊಮಿತಿಲಾ. ಇದು ಮಗು ಅಲ್ಲ."

ಆಮೇಲೆ ತಪ್ಪಲಿಲ್ಲ. ಬೆಳಿಗ್ಗೆ ಓಣಿಯಲ್ಲಿ ಮೇಕೆ ಹೊಡೆದುಕೊಂಡು ಹೋಗುವವಳಿಂದ ಒಂದು ಲೋಟ ಹಾಲು ಕರೆಸಿಕೊಂಡು, ಕುದಿಸಿ ಆರಿಸಿ, ಮೊಟ್ಟೆಯ ಹಳದಿಯನ್ನು ಸ್ವಲ್ಪವೇ ಕದಡುತ್ತಿದ್ದರು. ದೊಡ್ಡಪ್ಪನ ಕಣ್ಣಿನ ಮದ್ದಿನ ಹನಿಗೊಳವೆಯನ್ನು ಬಿಸಿನೀರಿನಲ್ಲಿ ಏಳು ಸಲ ತೊಳೆದು ಇಟ್ಟುಕೊಂಡಿದ್ದರು. ಹಾಲು ಬೆಚ್ಚಗಿದೆಯೇ ಎಂದು ಬೆರಳಿಗೆ ಗೊತ್ತಾಗುತ್ತಿರಲಿಲ್ಲ, ಅದಕ್ಕೆ ಕಣ್ಣರೆಪ್ಪೆಯ ಮೇಲೆ ಒಂದು ಹನಿ ಬಿಟ್ಟುಕೊಂಡು ನೋಡುತ್ತಿದ್ದರು. ಮರಿಯನ್ನು ಮೊಣಕಾಲಿನ ಮೇಲೆ ಹೊಟ್ಟೆ ಕೆಳಗಾಗಿ ಕೂರಿಸಿ ಹನಿ ಹನಿಯಾಗಿ ಕೊಡುತ್ತಿದ್ದರು. ಕುಡಿದಾದ ಮೇಲೆ ಒದ್ದೆ ಹತ್ತಿಯಿಂದ ಬಾಲದ ಬುಡವನ್ನು ತಾಯಿ ನೆಕ್ಕುವ ಹಾಗೆ ಸವರಿ ಉಚ್ಚೆ ಮಾಡಿಸುತ್ತಿದ್ದರು. ಎರಡು ಗಂಟೆಗೊಮ್ಮೆ ಇಷ್ಟೂ ಆಗಬೇಕಿತ್ತು. ಮೂರು ಸೋಮವಾರ ಸಂತೆಗೆ ಹೋಗಲಿಲ್ಲ.

ಪ್ರತಿ ಹನಿಗೂ ಒಂದು ಮಾತು ಇರುತ್ತಿತ್ತು.

"ಕುಡಿ. ಹಲ್ಲು ಬೇಗ ಬರ್ಲಿ."

"ಕುಡಿ. ಮೊದ್ಲು ಅವಳ ಆ ಬಿಳೀ ಗಂಡು ಕುಯ್ ಕುತ್ತಿಗೆ."

"ಕುಡಿ. ಆಮೇಲೆ ಬಸುರಿಗಳು."

ನಮ್ಮ ಬೆಟ್ಟಗಳ ಸಿಂಹದ ಹೆಸರನ್ನೇ, ಪೂಮಾ ಎಂದು, ಇಟ್ಟರು. ಆಗ ಅದು ಒಂದು ಬೇಯಿಸಿದ ಆಲೂಗಡ್ಡೆಯಷ್ಟಿತ್ತು.

ಬೆಚ್ಚಗಿಡುವುದಕ್ಕೆ ಅವರು ಮಾಡಿದ್ದನ್ನು ಇಲ್ಲಿ ಸರಿಯಾಗಿ ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಅದರಿಂದಲೇ ಆಯಿತು. ದೊಡ್ಡಪ್ಪನ ಉಣ್ಣೆಯ ಟೋಪಿಯನ್ನು ಮಗುಚಿ, ಕುರಿಯ ತುಪ್ಪಳ ಹಾಸಿ, ಮರಿಯನ್ನು ಅದರಲ್ಲಿಟ್ಟು ಒಲೆಯ ಪಕ್ಕ ನೆಲದ ಮೇಲಿಟ್ಟರು. ನಮ್ಮ ಹದಿನಾಲ್ಕು ಕುಯ್‌ಗಳು ಮಲಗುವುದೂ ಅಲ್ಲೇ. ಒಂದು ಗಂಟೆಯೊಳಗೆ ಅವು ಟೋಪಿಯ ಸುತ್ತ ಒತ್ತಿಕೊಂಡು ಮಲಗಿದ್ದವು. ಅವುಗಳ ಮೈ ಯಾವಾಗಲೂ ಬಿಸಿ. ದೊಡ್ಡಮ್ಮನಿಗೆ ಖುಷಿಯಾಯಿತು. "ನೋಡು, ಬಿಸಿನೀರಿನ ಬಾಟಲಿ ಕೆಲಸಾನೂ ಉಳೀತು" ಎಂದರು. ಹತ್ತನೆಯ ದಿನ ಮರಿ ಕಣ್ಣು ಬಿಟ್ಟಿತು. ಅದು ಮೊದಲು ಏನನ್ನು ಕಂಡಿತೆಂದು ನಾನು ಹೇಳಲಾರೆ. ಟೋಪಿಯ ಅಂಚಿನಿಂದ ಒಳಗೆ ಬಗ್ಗಿ ಮೂಗಾಡಿಸುತ್ತಿದ್ದದ್ದು ನಮ್ಮ ಕಂದು ಬಣ್ಣದ ಬಾಣಂತಿ ಕುಯ್.

ಮೂರು ತಿಂಗಳಾದಾಗ ದೊಡ್ಡಮ್ಮ ಪಾಠ ಶುರು ಮಾಡಿದರು. ಕುಯ್ ಚರ್ಮದ ತುಂಡನ್ನು ದಾರಕ್ಕೆ ಕಟ್ಟಿ ನೆಲದ ಮೇಲೆ ಎಳೆದರು. ಪೂಮಾ ಅದರ ಹಿಂದೆ ಓಡಿತು, ಹಿಡಿಯಿತು, ಎರಡು ಕಾಲುಗಳ ನಡುವೆ ಒತ್ತಿಕೊಂಡಿತು. ದೊಡ್ಡಮ್ಮ ಉಸಿರು ಬಿಗಿಹಿಡಿದರು. ಪೂಮಾ ಆ ಚರ್ಮವನ್ನು ನೆಕ್ಕಿ ನೆಕ್ಕಿ ಶುಚಿ ಮಾಡಿತು.

"ರುಚಿ ನೋಡ್ತಿದಾಳೆ" ಎಂದರು ದೊಡ್ಡಮ್ಮ.

ನನಗೆ ಹಾಗನ್ನಿಸಲಿಲ್ಲ.

ಜುಲೈಯ ಒಂದು ಭಾನುವಾರ ಓಣಿಯವರೆಲ್ಲ ಪೂಜೆಗೆ ಹೋದ ಹೊತ್ತಿನಲ್ಲಿ ದೊಡ್ಡಮ್ಮ ಹಿತ್ತಿಲಿನ ಮಣ್ಣುಗೋಡೆಯ ಬುಡದ ಒಂದು ಇಟ್ಟಿಗೆ ತೆಗೆದರು. ಹಿಂದಿನ ದಿನದಿಂದ ಪೂಮಾಗೆ ಊಟ ಹಾಕಿರಲಿಲ್ಲ. ಅದನ್ನು ಎತ್ತಿ ಹಣೆಗೆ ಹಣೆ ತಾಗಿಸಿ, "ನಿಮ್ಮಮ್ಮನ ನೆನಪು ಮಾಡ್ಕೋ" ಎಂದು ಆ ಕಂಡಿಯಿಂದ ಒರ್ತೆನ್ಸಿಯಾಳ ಕುಯ್ ಗುಡಿಸಲಿಗೆ ಬಿಟ್ಟರು. ನಾವಿಬ್ಬರೂ ಗೋಡೆಗೆ ಕಿವಿಯಿಟ್ಟು ಕೂತೆವು. ಕುಯ್‌ಗಳು ಹೆದರಿದರೆ ಸಿಳ್ಳೆ ಹೊಡೆದ ಹಾಗೆ ಕಿರುಚುತ್ತವೆ. ಐದು ನಿಮಿಷವಾಯಿತು, ಹತ್ತಾಯಿತು. ಹುಲ್ಲು ಅಗಿಯುವ ಶಬ್ದ ಬಿಟ್ಟು ಬೇರೇನೂ ಕೇಳಲಿಲ್ಲ.

ಆಮೇಲೆ ಕೇಳಿದ್ದು ನಗು. ಒರ್ತೆನ್ಸಿಯಾ ಪೂಜೆ ಮುಗಿಸಿ ಬಂದಿದ್ದಳು.

"ಕೊಮಾದ್ರೆ! ಬನ್ನಿ, ಬನ್ನಿ, ನಿಮ್ಮ ಹುಲಿ ಇಲ್ಲಿದೆ!"

ದೊಡ್ಡಮ್ಮ ಏಣಿ ಹತ್ತಿ ನೋಡಿದರು, ನಾನೂ ನೋಡಿದೆ. ಒರ್ತೆನ್ಸಿಯಾ ತೆರೆದು ಹಿಡಿದ ಗುಡಿಸಲ ಬಾಗಿಲೊಳಗೆ ಪೂಮಾ ಹುಲ್ಲಿನ ಮೇಲೆ ಕಾಲು ಚಾಚಿ ಮಲಗಿತ್ತು. ಆರೇಳು ಕುಯ್ ಮರಿಗಳು ಅದರ ಹೊಟ್ಟೆಗೆ ಒತ್ತಿಕೊಂಡು ನಿದ್ದೆ ಮಾಡುತ್ತಿದ್ದವು. ಬಿಳಿಯ ಗಂಡು ಕುಯ್ ಅದರ ಬಾಲದ ಮೇಲೆ ಕೂತಿತ್ತು.

"ಇದೇ ಅಲ್ವಾ ಕೊಮಾದ್ರೆ, ನನ್ನ ಮನೆ ಹಾಳು ಮಾಡೋ ಪ್ರಾಣಿ? ಇನ್ನೆರಡು ದಿನ ಬಿಟ್ರೆ ಮೊಲೆ ಕೊಡುತ್ತೆ!"

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಂದು ವಾರ ಅದೇ ಮಾತು. ದೊಡ್ಡಮ್ಮ ಜೋಳದ ಹಂಡೆ ಹೊತ್ತು ಹೋದರೆ ಹೆಂಗಸರು ಬೆಕ್ಕಿನ ಹಾಗೆ ಅಲ್ಲ, ಕುಯ್ ಹಾಗೆ ಕೂಗುತ್ತಿದ್ದರು. ಒಂದು ಸಂಜೆ ದೊಡ್ಡಮ್ಮ ಪೂಮಾಳನ್ನು ಎದುರಿಗೆ ಕೂರಿಸಿಕೊಂಡು, "ನಿನಗೆ ನಾಚಿಕೆ ಆಗ್ಬೇಕು. ನಿನಗೋಸ್ಕರ ಮೂರು ಸಂತೆ ಬಿಟ್ಟೆ" ಎಂದರು. ಪೂಮಾ ಎದ್ದು ಹೊರಗೆ ಹೋಗಿ ಒಂದು ದೊಡ್ಡ ಇಲಿ ತಂದು ಅವರ ಪಾದದ ಬಳಿ ಹಾಕಿತು. ಆ ವಾರದಲ್ಲಿ ಅದು ಹನ್ನೊಂದನೆಯದು.

ನನ್ನ ಲೆಕ್ಕದಲ್ಲಿ ತಪ್ಪಿಲ್ಲ. ಆ ವಾರ ನಮ್ಮ ಅಡುಗೆಮನೆಯಲ್ಲಿ ಒಂಬತ್ತು ಕುಯ್ ಮರಿಗಳು ಹುಟ್ಟಿದ್ದವು, ಒಂಬತ್ತೂ ಉಳಿದವು. ಒರ್ತೆನ್ಸಿಯಾಳ ಗುಡಿಸಲಿನಲ್ಲಿ ಇಪ್ಪತ್ತು ಹುಟ್ಟಿ ಹದಿನೇಳು ಹೋದವು. ಆಗಸ್ಟ್ ಮೊದಲ ವಾರ ಅವಳೇ ಕಣ್ಣಾರೆ ಕಂಡಳಂತೆ: ಬೆಳಗಿನ ಬಿಸಿಲಿನಲ್ಲೇ ಒಂದು ಇಲಿ ಮರಿಯ ಕುತ್ತಿಗೆ ಕಚ್ಚಿ ಎಳೆದುಕೊಂಡು ಬಿಲಕ್ಕೆ ಹೋಯಿತಂತೆ. ಇದನ್ನು ಅವಳ ಗಂಡನೇ ಮೇಕೆಯವಳಿಗೆ ಹೇಳಿದ್ದು. ಪಾಷಾಣ ಇಡೋಣ ಎಂದರೆ ಕುಯ್‌ಗಳೇ ತಿಂದಾವೆಂಬ ಭಯ. ಬೆಕ್ಕು ತರೋಣ ಎಂದರೆ ಯಾವ ಬೆಕ್ಕೂ ಕುಯ್ ಮರಿಯನ್ನು ಬಿಡುವುದಿಲ್ಲ. ಓಣಿಯಲ್ಲಿ ಹಾಗೆ ಬಿಡುವ ಬೆಕ್ಕು ಇದ್ದದ್ದು ಒಂದೇ.

ಮರುದಿನ ಮಧ್ಯಾಹ್ನ ಒರ್ತೆನ್ಸಿಯಾ ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಕಸೂತಿ ಬಟ್ಟೆ ಮುಚ್ಚಿದ ದೊಡ್ಡ ತಟ್ಟೆ: ಇಡೀ ಒಂದು ಸುಟ್ಟ ಕುಯ್, ಆಲೂಗಡ್ಡೆ, ಮೇಲೆ ಕಡಲೆಕಾಯಿ ಗೊಜ್ಜು. ಯಾರಿಂದಲಾದರೂ ದೊಡ್ಡ ಉಪಕಾರ ಕೇಳಬೇಕಾದಾಗ ಹೀಗೆ ಬರುತ್ತೇವೆ. ಕೈ ಚಾಚಿ ತಟ್ಟೆ ತೆಗೆದುಕೊಂಡರೆ ಕೇಳಿದ್ದಕ್ಕೆ ಒಪ್ಪಿದ ಹಾಗೆ, ಆಮೇಲೆ ಇಲ್ಲ ಎನ್ನುವಂತಿಲ್ಲ. ದೊಡ್ಡಮ್ಮ ಎರಡೂ ಕೈಗಳನ್ನು ಶಾಲಿನೊಳಗೆ ಸೇರಿಸಿಕೊಂಡರು.

"ಕೂತ್ಕೊಳ್ಳಿ ಕೊಮಾದ್ರೆ."

"ಇದನ್ನ ತಗೊಳ್ಳಿ ಕೊಮಾದ್ರೆ, ಕೈ ನೋಯ್ತಿದೆ."

"ಏನು ಬೇಕಿತ್ತು?"

"ನಿಮ್ಮ ಬೆಕ್ಕು. ಹಬ್ಬದ ತನಕ, ಅಷ್ಟೇ. ಇಲಿ ಕಾಟ."

"ನನ್ನ ಬೆಕ್ಕನ್ನ ಕುಯ್ ಹತ್ರ ಬಿಡ್ತೀರಾ? ಭಯ ಆಗಲ್ವಾ?"

"ಇದು ಮುಟ್ಟಲ್ಲ ಅಂತ ಊರಿಗೆಲ್ಲ ಗೊತ್ತಲ್ಲ."

"ಇದರಮ್ಮನೂ ಮುಟ್ಟಿರ್ಲಿಲ್ಲ."

ಒರ್ತೆನ್ಸಿಯಾ ಭಾರವನ್ನು ಸೊಂಟಕ್ಕೆ ಒರಗಿಸಿಕೊಂಡಳು. ತಟ್ಟೆ ಅಲುಗಿ ಗೊಜ್ಜು ಅಂಚಿಗೆ ಬಂತು.

"ಮೊದ್ಲು ಇದು ಹೇಳಿ ಕೊಮಾದ್ರೆ. ಆ ಮೀನಿನ ತಲೇಲಿ ಏನಿತ್ತು?"

"ಹಳೇದೆಲ್ಲ ಯಾಕೆ..."

"ಏನಿತ್ತು?"

"ಇಲಿ ಪಾಷಾಣ" ಎಂದಳು ಒರ್ತೆನ್ಸಿಯಾ, ನೆಲ ನೋಡುತ್ತ. "ತಪ್ಪಾಯ್ತು. ನೇಲಿದಾನ ಎತ್ಕೊಂಡಿದ್ದು ಇದೇ ಕೈ, ಅದರ ಮುಖ ನೋಡಿಯಾದ್ರೂ ತಗೊಳ್ಳಿ."

ಆ ಹೆಸರು ಆ ಮನೆಯಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ದೊಡ್ಡಮ್ಮನ ಮುಖದಲ್ಲಿ ಏನೂ ಕಾಣಲಿಲ್ಲ. ಶಾಲಿನೊಳಗೆ ಕೈಗಳು ಮಾತ್ರ ಒಮ್ಮೆ ಅಲುಗಿದವು.

"ಭಾರ ಆಗಿರ್ಬೇಕು. ತಟ್ಟೆ ಕೆಳಗಿಡಿ."

ಒರ್ತೆನ್ಸಿಯಾ ಗೆದ್ದೆನೆಂದುಕೊಂಡಳು. ಬಗ್ಗಿ ತಟ್ಟೆಯನ್ನು ಒಲೆಯ ಬಳಿ ನೆಲಕ್ಕಿಟ್ಟು ಬಟ್ಟೆ ತೆಗೆದಳು. ಪೂಮಾ ಟೋಪಿಯಿಂದ ಎದ್ದು ಮೈಮುರಿದು ಬಂತು. ಆ ಟೋಪಿಯಲ್ಲಿ ಅದು ಈಗ ಅರ್ಧವೂ ಹಿಡಿಸುತ್ತಿರಲಿಲ್ಲ. ಸುಟ್ಟ ಕುಯ್ಯನ್ನು ಮೂಸಿತು. ಸುಟ್ಟ ಮೇಲೆ ಅದು ತನ್ನವರ ಹಾಗೆ ಕಾಣಲಿಲ್ಲವೋ ಏನೋ, ತೊಡೆಗೆ ಬಾಯಿ ಹಾಕಿ ಕಿತ್ತುಕೊಂಡು ಅಲ್ಲೇ ಕೂತು ತಿನ್ನತೊಡಗಿತು. ಸುತ್ತ ನಮ್ಮ ಕುಯ್‌ಗಳು ತಮ್ಮ ಪಾಡಿಗೆ ಹುಲ್ಲು ಅಗಿಯುತ್ತಿದ್ದವು.

"ಕೊಮಾದ್ರೆ! ಓಡಿಸಿ ಅದನ್ನ!"

"ಯಾಕೆ? ನಾನು ಗೋಡೆ ಹತ್ರ ನಿಂತು ಹೇಳಿರ್ಲಿಲ್ವಾ? ನಿಮ್ಮ ಕುಯ್ ಇದರ ಹೊಟ್ಟೆಗೆ ಹೋಗುತ್ತೆ ಅಂತ? ನೀವೇ ಸುಟ್ಟು, ಗೊಜ್ಜು ಹಾಕಿ, ಹೊತ್ಕೊಂಡು ಬಂದ್ರಿ. ದೊಡ್ಡ ಉಪಕಾರ."

"ಮತ್ತೆ ಬೆಕ್ಕು?"

"ತಟ್ಟೆ ತಗೊಂಡೋಳು ನಾನಲ್ಲ, ಅವಳು. ಕೇಳೋದಿದ್ರೆ ಅವಳನ್ನೇ ಕೇಳಿ."

ಒರ್ತೆನ್ಸಿಯಾ ನಿಜವಾಗಿಯೂ ಪೂಮಾಳ ಕಡೆ ಒಮ್ಮೆ ನೋಡಿದಳು. ಪೂಮಾ ಮೂಳೆ ಬಿಟ್ಟು, ಮೂತಿ ಒರೆಸಿಕೊಂಡು, ದೊಡ್ಡಮ್ಮನ ಮಡಿಲು ಹತ್ತಿ ಕೂತಿತು.

ಮಾರನೆಯ ದಿನ ದೊಡ್ಡಮ್ಮ ಆ ತಟ್ಟೆಯನ್ನು ತೊಳೆದು ನನ್ನ ಕೈಯಲ್ಲಿ ಕಳಿಸಿದರು. ನಮ್ಮಲ್ಲಿ ಬಂದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ, ನಾಲ್ಕು ಆಲೂಗಡ್ಡೆಯನ್ನಾದರೂ ಇಡುತ್ತೇವೆ. ನಾನು ಇಡಲು ಹೋದಾಗ ಅವರು ನನ್ನ ಕೈ ಹಿಡಿದರು. "ಬೇಡ. ಹಾಗೇ ಕೊಡು. ಉಪ್ಪು ಕಡಿಮೆ ಆಗಿತ್ತು ಅಂತ ಪೂಮಾ ಹೇಳಿದ್ಲು ಅನ್ನು." ತಟ್ಟೆ ಕೊಟ್ಟೆ. ಉಪ್ಪಿನ ಮಾತು ಹೇಳಲು ನನ್ನಿಂದಾಗಲಿಲ್ಲ. ಹೇಳಿದೆ ಎಂದು ದೊಡ್ಡಮ್ಮನಿಗೆ ಸುಳ್ಳು ಹೇಳಿದೆ.

ಸೆಪ್ಟೆಂಬರಿನ ಹಬ್ಬಕ್ಕೆ ಒರ್ತೆನ್ಸಿಯಾಳ ಬಳಿ ಉಳಿದದ್ದು ಮೂವತ್ತೆರಡು ಕುಯ್. ಬಂದವರು ಇನ್ನೂರರ ಮೇಲೆ. ಪಾದ್ರಿಗಳಿಗೆ, ವಾದ್ಯದವರಿಗೆ ಬಡಿಸುವಷ್ಟರಲ್ಲಿ ಕುಯ್ ಮುಗಿದು, ಉಳಿದವರಿಗೆಲ್ಲ ಕೋಳಿ ಬಂತು. ಮಾತೆಯ ಹಬ್ಬದಲ್ಲಿ ಕೋಳಿ ಬಡಿಸಿದ ಮನೆ ನಮ್ಮ ಊರಿನಲ್ಲಿ ಅದಕ್ಕೆ ಮೊದಲು ಇರಲಿಲ್ಲ. ದೊಡ್ಡಮ್ಮ ಹೊಸ ಶಾಲು ಹೊದ್ದು ಮುಂದಿನ ಬೆಂಚಿನಲ್ಲೇ ಕೂತಿದ್ದರು. ಒರ್ತೆನ್ಸಿಯಾ ಹತ್ತಿರ ಬಂದಾಗ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

"ಕೋಳಿ ತುಂಬಾ ಚೆನ್ನಾಗಿದೆ ಕೊಮಾದ್ರೆ. ಇನ್ನೊಂದು ತುಂಡು ಹಾಕಿ."

ಒರ್ತೆನ್ಸಿಯಾ ಹಾಕಿದಳು. ದೊಡ್ಡಮ್ಮ ಅದನ್ನು ತಿನ್ನಲಿಲ್ಲ. ಕಾಗದದಲ್ಲಿ ಸುತ್ತಿ ಪೂಮಾಗೆಂದು ಮನೆಗೆ ತಂದರು.